ಇನ್ಸ್‌ಪೆಕ್ಟರ್ ಹೋದರೆ ಬೀಟ್ ಸಮಿತಿಯೂ ಹೋಗಬೇಕೇ?

ಓದುಗರ ಪತ್ರ, ಸಂಕ್ಷಿಪ್ತವಾಗಿ: ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. (ಬೀಟ್ ಅಂದರೆ ಒಬ್ಬ ಪೊಲೀಸ್ ಗಸ್ತು ತಿರುಗುವ ಪ್ರದೇಶ; ಅಲ್ಲಿನ ನಾಗರಿಕರು ಪೊಲೀಸರ ಜೊತೆ ಕೂರುವ ಸಮಿತಿಯೇ ಬೀಟ್ ಸಮಿತಿ.) "ನಮ್ಮ ಬಡಾವಣೆಯ ಬೀಟ್ ಸಮಿತಿಯಲ್ಲಿ ನಾಲ್ಕು ವರ್ಷ ಇದ್ದೆ. ಸರ್ಕಾರ ಬದಲಾಯಿತು, ಇನ್ಸ್‌ಪೆಕ್ಟರ್ ವರ್ಗವಾದರು. ಆರು ತಿಂಗಳು ಸಭೆಯೇ ಇಲ್ಲ. ಆಮೇಲೆ ಹೊಸ ಪಟ್ಟಿ ಬಂತು. ಹಳಬರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಮಿಕ್ಕವರೆಲ್ಲ ಒಂದೇ ಪಕ್ಷದ ಕಡೆಯವರು. ಹಿಂದಿನ ಪಟ್ಟಿಯಲ್ಲೂ ಇನ್ನೊಂದು ಪಕ್ಷದವರೇ ಜಾಸ್ತಿ ಇದ್ದರು ಅನ್ನುವುದನ್ನು ಒಪ್ಪುತ್ತೇನೆ. ಆಗ ನಾನು ಬಾಯಿ ಬಿಡಲಿಲ್ಲ. ಈಗ ಸಮಿತಿಯಲ್ಲಿ ಇರಲೋ, ಬಿಡಲೋ?"

ಸಂಪಾದಕರ ಉತ್ತರ:

ನಮಸ್ಕಾರ ಮೇಷ್ಟ್ರೇ. ಇರಿ, ಬಿಡಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಆಗ ನಾನು ಬಾಯಿ ಬಿಡಲಿಲ್ಲ" ಅಂದಿರಲ್ಲ, ಅಲ್ಲೇ ನಿಂತುಬಿಟ್ಟೆ. ನಮ್ಮವರು ಪಟ್ಟಿಯಲ್ಲಿದ್ದಾಗ ಸುಮ್ನೆ ಇದ್ದು, ಆ ಕಡೆಯವರು ಬಂದಾಗ ಅನ್ಯಾಯ ಅನ್ನುವವರೇ ಹೆಚ್ಚು. ನೀವು ನಿಮ್ಮ ಮೌನವನ್ನೂ ಒಪ್ಪಿಕೊಂಡಿರಿ. ಸಮಿತಿಯಲ್ಲಿ ಇರಬೇಕಾದವರು ನೀವೇ.

ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಠಾಣೆಯಲ್ಲಿ ಗಣೇಶನ ಹಬ್ಬಕ್ಕೆ ಮುಂಚಿನ ಸಭೆಗೆ ಹೋಗಿದ್ದೆ. ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿ ಟವೆಲ್ ಹಾಸಿತ್ತು. ಅಲ್ಲಿ ಯಾರು ಕೂರುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹೂವು ಮಾರುವ ಒಬ್ಬ ತಾಯಿ ಖಾಲಿ ಬುಟ್ಟಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಕೊನೆಗೆ, ಟೀ ಬರುವ ಹೊತ್ತಿಗೆ, ಅವರೂ ಮಾತಾಡಿದರು. "ಸಾ, ಪಾರ್ಕ್ ಹಿಂದಿನ ಲೈಟು ಮೂರು ತಿಂಗಳಿಂದ ಉರೀತಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್ಟಿಗೆ ಹೋಗಕ್ಕೆ ಭಯ ಆಯ್ತದೆ."

ಮುಂದಿನ ಸಾಲಿನವರು ಯಾರೂ ತಿರುಗಿ ನೋಡಲಿಲ್ಲ. ಆದರೆ ಆ ಬೀಟ್‌ನ ಹೆಡ್ ಕಾನ್‌ಸ್ಟೆಬಲ್ ಜೇಬಿನಿಂದ ಸಣ್ಣ ನೋಟ್ ಪುಸ್ತಕ ತೆಗೆದು ಬರೆದುಕೊಂಡರು. ಹದಿನೈದು ದಿನದಲ್ಲಿ ಲೈಟ್ ಬಂತು. ನಾಲ್ಕು ಗಂಟೆಗೆ ಬೈಕಿನಲ್ಲಿ ಅವರೂ ಒಂದು ಸುತ್ತು ಹಾಕತೊಡಗಿದರು. ಮಾರನೇ ವರ್ಷ ಇನ್ಸ್‌ಪೆಕ್ಟರ್ ಬದಲಾದರು, ಹೆಡ್ ಕಾನ್‌ಸ್ಟೆಬಲ್‌ಗೂ ವರ್ಗವಾಯಿತು. ಲೈಟ್ ಮತ್ತೆ ಕೆಟ್ಟಿತು. "ಯಾರಿಗೆ ಹೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ ಸಾ" ಅಂದರು ಆ ತಾಯಿ. ನೋಟ್ ಪುಸ್ತಕ ಹೆಡ್ ಕಾನ್‌ಸ್ಟೆಬಲ್ ಜೊತೆಗೇ ಹೋಗಿತ್ತು. ಅದು ಅವರು ಸ್ವಂತ ದುಡ್ಡಿನಲ್ಲಿ ಕೊಂಡ ಪುಸ್ತಕ.

ಆ ಪುಸ್ತಕ ಠಾಣೆಯದ್ದಾಗಿದ್ದರೆ ಹೊಸಬರು ತೆರೆದು ನೋಡುತ್ತಿದ್ದರು, ಅಲ್ವಾ?

ನಮ್ಮ ರಾಜ್ಯದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಒಂದೊಂದು ಬೀಟ್‌ಗೆ ಒಬ್ಬೊಬ್ಬ ಪೊಲೀಸ್, ಜೊತೆಗೆ ಅಲ್ಲಿನ ನಾಗರಿಕರು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಎರಡರ ಆಸೆಯೂ ಒಂದೇ: ಕಾನ್‌ಸ್ಟೆಬಲ್‌ಗೆ ಬೀದಿ ಗೊತ್ತಿರಬೇಕು, ಬೀದಿಗೆ ಕಾನ್‌ಸ್ಟೆಬಲ್ ಗೊತ್ತಿರಬೇಕು. ಹೆಸರು ಯಾವ ಸರ್ಕಾರದ್ದಾದರೂ ಇರಲಿ, ನನಗೆ ತಕರಾರಿಲ್ಲ. ಹೊಸ ಹೆಸರು ಬಂದಾಗ ಹಳೇ ಪುಸ್ತಕ ಬೀರು ಸೇರಬಾರದು, ಅಷ್ಟೇ.

ಕೇರಳದಲ್ಲಿ ಪೊಲೀಸರು ಜನರ ಜೊತೆ ಸೇರಿ ಕೆಲಸ ಮಾಡುವ ಜನಮೈತ್ರಿ ಯೋಜನೆ 2008ರಲ್ಲಿ 20 ಠಾಣೆಗಳಲ್ಲಿ ಶುರುವಾಯಿತು. 2011ರಲ್ಲಿ ಸರ್ಕಾರ ಬದಲಾಯಿತು, 2016ರಲ್ಲಿ ಮತ್ತೆ ಬದಲಾಯಿತು. ಯೋಜನೆ ನಿಲ್ಲಲಿಲ್ಲ. 2011ರ ಅಲ್ಲಿನ ಪೊಲೀಸ್ ಕಾಯ್ದೆಯಲ್ಲೇ ಸಮುದಾಯ ಪೊಲೀಸ್ ವ್ಯವಸ್ಥೆಗೆ ಜಾಗ ಕೊಟ್ಟಿದ್ದು ಇದಕ್ಕೆ ದೊಡ್ಡ ಆಸರೆ ಅಂತ ನನ್ನ ನಂಬಿಕೆ. ಕೇರಳದಲ್ಲಿ ಎಲ್ಲ ನೆಟ್ಟಗಿದೆ ಅಂತ ಹೇಳುತ್ತಿಲ್ಲ. ಒಬ್ಬ ಒಳ್ಳೆ ಅಧಿಕಾರಿಯ ಉತ್ಸಾಹಕ್ಕಿಂತ ಕಾಯ್ದೆಯ ಒಂದು ಕಲಂ ಹೆಚ್ಚು ದಿನ ಬಾಳುತ್ತದೆ. ಅಧಿಕಾರಿಗಳ ವಿಷಯಕ್ಕೆ ಬಂದರೆ, ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

(ನಮ್ಮ ಕಡೆ ಹಳ್ಳಿಗಳಲ್ಲಿ ಊರು ಕಾಯುವ ತಳವಾರ, ತೋಟಿ ಇದ್ದರು. ಅಮಲ್ದಾರರು, ಅಂದರೆ ಆಗಿನ ತಾಲ್ಲೂಕು ಅಧಿಕಾರಿಗಳು, ಎಷ್ಟು ಸಲ ಬದಲಾದರೂ ಅವರು ಊರಲ್ಲೇ ಇರುತ್ತಿದ್ದರು. ಆದರೆ ಆ ಕೆಲಸ ಹುಟ್ಟಿಗೆ ಕಟ್ಟುಬಿದ್ದಿತ್ತು. 1961ರ ಕಾಯ್ದೆ ಆ ಪದ್ಧತಿ ತೆಗೆದಿದ್ದು ಒಳ್ಳೆಯದೇ ಆಯಿತು. ಹಾಗಾಗಿ ಯಾವುದನ್ನೇ ಆಗಲಿ, ಹಳೆಯದು ಅನ್ನುವ ಒಂದೇ ಕಾರಣಕ್ಕೆ ಮುಂದುವರಿಸಿ ಅಂತ ನಾನು ಹೇಳಲಾರೆ.)

ಈಗ ಪಟ್ಟಿಯ ವಿಷಯ. ಅದು ಬರೀ ಕುರ್ಚಿ, ಹಾರ, ಫೋಟೋದ ಮಾತಾಗಿದ್ದರೆ ಹೋಗಲಿ ಬಿಡಿ ಅನ್ನುತ್ತಿದ್ದೆ. ಬೀಟ್ ಸಮಿತಿಯಲ್ಲಿ ಆಡಿದ ಒಂದು ಮಾತು ಒಬ್ಬ ಹುಡುಗನ ಹೆಸರನ್ನು ಠಾಣೆಗೆ ಮುಟ್ಟಿಸುತ್ತದೆ. ಆಮೇಲೆ ಅವನ ಮನೆಗೆ ರಾತ್ರಿ ಪೊಲೀಸರು ಬರಬಹುದು. 'ಪಾರ್ಕ್ ಹಿಂದೆ ಕತ್ತಲು' ಅನ್ನುವುದು ದೂರು. 'ಆ ಕೇರಿ ಹುಡುಗರ ಮೇಲೆ ಒಂದು ಕಣ್ಣಿಡಿ ಸಾರ್' ಅನ್ನುವುದು ಚಾಡಿ. ಎಲ್ಲರೂ ಒಂದೇ ಪಕ್ಷದವರಾದ ಸಮಿತಿಯಲ್ಲಿ ಚಾಡಿಯನ್ನು ತಡೆಯುವವರು ಇರುವುದಿಲ್ಲ. ದೂರು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಸಾಗಬೇಕು. ಚಾಡಿ ಪುಸ್ತಕಕ್ಕೇ ಬರಬಾರದು.

ತಮಿಳುನಾಡಿನಲ್ಲಿ 1993ರಿಂದ ನಡೆದುಬಂದ 'ಫ್ರೆಂಡ್ಸ್ ಆಫ್ ಪೊಲೀಸ್' ಅನ್ನುವ ಸ್ವಯಂಸೇವಕರ ಯೋಜನೆ ಏನಾಯಿತು ನೋಡಿ. 2020ರಲ್ಲಿ ಸಾತಾನ್‌ಕುಳಂನಲ್ಲಿ ತಂದೆ ಮಗ ಇಬ್ಬರೂ ಪೊಲೀಸರ ಹೊಡೆತದಿಂದ ಸತ್ತರು. ಅದರಲ್ಲಿ ಈ ಸ್ವಯಂಸೇವಕರ ಕೈಯೂ ಇತ್ತು ಅನ್ನುವ ಆರೋಪ ಬಂತು. ಜುಲೈನಲ್ಲಿ ಸರ್ಕಾರ ಆ ಯೋಜನೆಯನ್ನೇ ನಿಷೇಧಿಸಿತು. ಹಾಗಾಗಿ ಸಮಿತಿಯವರ ಕೈಗೆ ಲಾಠಿ ಬರಬಾರದು. ಯಾರನ್ನೋ ಕರೆದು ವಿಚಾರಿಸುವ ಅಧಿಕಾರವಂತೂ ಬೇಡವೇ ಬೇಡ.

ನಿಮ್ಮ ಜಿಲ್ಲೆಯ ಕಥೆಯೂ ನಿಮಗೆ ಗೊತ್ತು. 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆ ಹೊತ್ತಿನ ಗಲಾಟೆಯಲ್ಲಿ ನಾಗಮಂಗಲದ ಅಂಗಡಿಗಳು ಸುಟ್ಟವು. ಮರುವರ್ಷ ಮದ್ದೂರಿನಲ್ಲಿ ಕಲ್ಲು ತೂರಾಟವಾಯಿತು. ಅಂಥ ರಾತ್ರಿ ಎರಡೂ ಬೀದಿಗಳಲ್ಲಿ ಫೋನ್ ಎತ್ತುವ ಜನ ಬೇಕು. ಒಂದೇ ಬಣ್ಣದ ಸಮಿತಿಯ ಫೋನನ್ನು ಆಚೆ ಬೀದಿಯವರು ಯಾಕೆ ಎತ್ತುತ್ತಾರೆ, ಹೇಳಿ?

ನೀವು ಮುಂದಿನ ಸಭೆಗೆ ಹೋಗಿ. ಹಿಂದಿನ ಸಭೆಯ ನಡವಳಿ ಓದಿ ಅಂತ ಕೇಳಿ. ನಡವಳಿಯೇ ಇಲ್ಲ ಅಂದರೆ ಇವತ್ತಿಂದ ಠಾಣೆಯ ಪುಸ್ತಕದಲ್ಲಿ ಬರೆಯೋಣ ಅನ್ನಿ. ಸದಸ್ಯರನ್ನು ಯಾವ ಆಧಾರದ ಮೇಲೆ ಆರಿಸಿದಿರಿ ಅಂತ ಒಂದು ಅರ್ಜಿ ಕೊಡಿ. ಬಾಯಲ್ಲಿ ಹೇಳಿದರೆ ಸಾಲದು, ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಹೊಸ ಇನ್ಸ್‌ಪೆಕ್ಟರ್ ಮೇಲೆ ಮೊದಲೇ ಸಿಟ್ಟು ಬೇಡ. ಪಟ್ಟಿ ಅವರ ಕೈಗೂ ಮೇಲಿಂದಲೇ ಬಂದಿರಬಹುದು. ನಿಮ್ಮ ಅರ್ಜಿ ಅವರಿಗೂ ಒಂದು ಆಸರೆ ಆದೀತು.

ಜೊತೆಗೆ ಎರಡು ಹೆಸರು ನೀವೇ ಸೂಚಿಸಿ. ಬೆಳಗಿನ ಜಾವ ಕತ್ತಲಲ್ಲಿ ನಿಮ್ಮ ಬಡಾವಣೆಯ ರಸ್ತೆಗಿಳಿಯುವವರು ಯಾರು? ಹಾಲು ಹಾಕುವವರು, ಪೌರಕಾರ್ಮಿಕರು, ಹೂವಿನವರು. ಅವರಲ್ಲಿ ಇಬ್ಬರು ಇರಲಿ. ಒಬ್ಬರಾದರೂ ಹೆಂಗಸಾಗಿರಲಿ. ಕೂರಲು ಕುರ್ಚಿ ಸಿಗುತ್ತದೋ ಇಲ್ಲವೋ ನೋಡಿಕೊಳ್ಳಿ.

ಉತ್ತರ ಬಂದರೂ ಬಾರದಿದ್ದರೂ ನಮಗೊಂದು ಕಾಗದ ಹಾಕಿ, ಮೇಷ್ಟ್ರೇ. ಇದೇ ಪುಟದಲ್ಲಿ ಹಾಕುತ್ತೇವೆ.

– ಸಂ.