ಹಳೇ ಕೀಟನಾಶಕ ಫ್ಯಾಕ್ಟರಿ ಪಕ್ಕ ಸೈಟ್ ತಗೋಬಹುದಾ?

ಪ್ರಶ್ನೆ: ತುಮಕೂರು ರೋಡ್ ಕಡೆ ಒಂದು ಸೈಟ್ ನೋಡಿದೀವಿ ಸರ್. ಪಕ್ಕದಲ್ಲೇ ಮುಂಚೆ ಕೀಟನಾಶಕ ಮಿಕ್ಸ್ ಮಾಡಿ ಪ್ಯಾಕ್ ಮಾಡ್ತಿದ್ದ ಫ್ಯಾಕ್ಟರಿ ಇತ್ತಂತೆ, ಈಗ ಖಾಲಿ ಶೆಡ್ಡು. ಮಳೆ ಬಂದ್ರೆ ಔಷಧಿ ವಾಸನೆ ಬರುತ್ತೆ ಅಂತಾರೆ ಅಕ್ಕಪಕ್ಕದವರು. ಮೇಲಿನ ಎರಡಡಿ ಮಣ್ಣು ತೆಗೆಸಿ, ಬೋರ್ ಸಾವಿರ ಅಡಿ ಹೊಡೆಸಿ, ಏನೂ ಆಗಲ್ಲ ಅನ್ನೋದು ಬ್ರೋಕರ್ ಮಾತು. ಪಕ್ಕದ ಬೋರ್ ನೀರಿನ ರಿಪೋರ್ಟೂ ತೋರಿಸಿದ್ರು, ಎಲ್ಲಾ ನಾರ್ಮಲ್. ಅಡ್ವಾನ್ಸ್ ಕೊಡಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈಗ್ಲೇ ಕೊಡ್ಬೇಡಿ. ಆ ರಿಪೋರ್ಟಲ್ಲಿ ಏನೇನು ಟೆಸ್ಟ್ ಮಾಡಿದಾರೆ ಅಂತ ಮೊದ್ಲು ಓದಿ. ಮನೆ ನೀರಿಗೆ ಸಾಮಾನ್ಯವಾಗಿ ಮಾಡ್ಸೋದು ಗಡಸುತನ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಒಟ್ಟು ಪ್ರಮಾಣ), ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಅಷ್ಟೇ, ಕೀಟನಾಶಕದ ಹೆಸರೇ ಇರಲ್ಲ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ, ಕೀಟನಾಶಕಗಳಲ್ಲಿ ಲೀಟರ್‌ಗೆ ಲಿಂಡೇನ್ 2 ಮೈಕ್ರೊಗ್ರಾಂ, ಡಿಡಿಟಿ 1, ಎಂಡೋಸಲ್ಫಾನ್ 0.4 ದಾಟಬಾರ್ದು, ಇಷ್ಟು ಸಣ್ಣ ಪ್ರಮಾಣ ಟಿಡಿಎಸ್ ಮೀಟರ್‌ಗೆ ಗೊತ್ತೇ ಆಗಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬಲ್ಲಿ ಆರ್ಗನೊಕ್ಲೋರಿನ್, ಆರ್ಗನೊಫಾಸ್ಫರಸ್ ಅನ್ನೋ ಎರಡು ಗುಂಪಿನ ಕೀಟನಾಶಕಗಳ ಟೆಸ್ಟ್ ಬೇಕು ಅಂತ ಹೆಸರು ಹೇಳಿ ಕೇಳಿ. ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಲ್ಲಿ ಬೇಡ, ಲ್ಯಾಬ್‌ನೋರು ಕೊಡೋ ಕಂದು ಗಾಜಿನ ಬಾಟಲಲ್ಲಿ ತುಂಬಿ ಐಸ್ ಡಬ್ಬದಲ್ಲಿಟ್ಟು ಕಳಿಸ್ಬೇಕು.

ಎರಡಡಿ ಮಣ್ಣಿನ ಮಾತು ನಂಬ್ಬೇಡಿ. ಡಿಡಿಟಿ, ನಮ್ಮ ರೈತರು ಬಿಎಚ್‌ಸಿ ಪೌಡರ್ ಅಂತಿದ್ರಲ್ಲ ಅದು, ಇವೆಲ್ಲ ಮಣ್ಣಿಗೆ ಅಂಟಿಕೊಂಡು ವರ್ಷಾನುಗಟ್ಟಲೆ ಇರ್ತವೆ, ಫ್ಯಾಕ್ಟರೀಲಿ ಇವನ್ನ ಕರಗಿಸೋಕೆ ಬಳಸೋ ಕ್ಸೈಲೀನ್ ಥರದ ದ್ರಾವಕ ಚೆಲ್ಲಿದ್ರೆ ಅದರ ಜೊತೆ ಇನ್ನೂ ಕೆಳಗಿಳೀತವೆ. ಎಲ್ಲಾ ಕಡೆ ಒಂದೇ ಸಮ ಇರಲ್ಲ, ಡ್ರಮ್ ತೊಳೀತಿದ್ದ ಜಾಗ, ಮೋರಿ, ಇಂಗುಗುಂಡಿ ಹತ್ರ ಜಾಸ್ತಿ. ಅಲ್ಲಿ ಕೆಲ್ಸ ಮಾಡಿದ ಹಳಬರು ಯಾರಾದ್ರೂ ಸಿಕ್ಕಿದ್ರೆ ಡ್ರಮ್ ಎಲ್ಲಿ ತೊಳೀತಿದ್ರಿ ಅಂತ ಕೇಳಿ, ಮಣ್ಣಿನ ಸ್ಯಾಂಪಲ್ ಎಲ್ಲಿಂದ ತೆಗೀಬೇಕು ಅನ್ನೋದು ಅವರಿಂದಾನೇ ಗೊತ್ತಾಗೋದು.

ಬೋರ್ ವಿಷಯ ಇನ್ನೂ ಮುಖ್ಯ. ಬೆಂಗಳೂರಿನ ಕೆಳಗಿರೋದು ಗಟ್ಟಿ ಬಂಡೆ, ನೀರು ಅದರ ಬಿರುಕುಗಳಲ್ಲಿ ಓಡಾಡುತ್ತೆ, ಯಾವ ಬಿರುಕು ಎಲ್ಲಿಗೆ ಸೇರುತ್ತೆ ಅಂತ ಮೇಲಿಂದ ಹೇಳೋಕಾಗಲ್ಲ. ಕೇಸಿಂಗ್ ಪೈಪ್ ಹಾಕೋದು ಮೇಲಿನ ಸಡಿಲ ಮಣ್ಣು ದಾಟೋವರೆಗೆ ಮಾತ್ರ, ಅದು ಸರಿಯಾಗಿ ಕೂರ್ದಿದ್ರೆ ಮೇಲಿನ ಕೆಟ್ಟ ನೀರು ನಿಮ್ಮ ಬೋರ್ ಒಳಗಿಂದ್ಲೇ ಸೀದಾ ಕೆಳಗೆ ಹೋಗುತ್ತೆ, ಚೆನ್ನಾಗಿರೋ ನೀರೂ ಕೆಡುತ್ತೆ.

ಭೋಪಾಲ್ ನೋಡಿ. 1984ರ ಅನಿಲ ದುರಂತ ಎಲ್ಲರಿಗೂ ಗೊತ್ತು, ಆದ್ರೆ ಅದು ನಡೆದ ಕೀಟನಾಶಕ ಕಾರ್ಖಾನೆ ತ್ಯಾಜ್ಯದಿಂದ ಸುತ್ತಲಿನ ಬಡಾವಣೆಗಳ ಅಂತರ್ಜಲಾನೂ ಕೆಟ್ಟಿತು, ಅಲ್ಲಿನ ಜನಕ್ಕೆ ಶುದ್ಧ ನೀರು ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳ್ಬೇಕಾಯ್ತು. ಕೂಡಿಟ್ಟಿದ್ದ ಸುಮಾರು 337 ಟನ್ ತ್ಯಾಜ್ಯ ಅಲ್ಲಿಂದ ಹೊರಟಿದ್ದು 2025ರ ಜನವರೀಲಿ, ಅದೂ ನೆಲದೊಳಗೆ ಇಳಿದಿರೋದನ್ನ ಬಿಟ್ಟು!

ಶುಚಿ ಮಾಡೋಕಾಗಲ್ಲ ಅಂತಲ್ಲ. ವಿಷದ ಮಣ್ಣು ಅಗೆದು ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸ್ಬೇಕು, ನೀರನ್ನ ಪಂಪ್ ಮಾಡಿ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರ್ಕೊಳ್ಳೋ ಇದ್ದಿಲು) ಮೂಲಕ ಹಾಯಿಸ್ಬೇಕು, ಪಂಪ್ ನಿಲ್ಸಿದ್ರೆ ಮಣ್ಣಲ್ಲಿ ಉಳಿದಿರೋದು ಮತ್ತೆ ನೀರಿಗೆ ಬಿಡುತ್ತೆ. ಒಂದು ಸೈಟಿನ ಮಾಲೀಕರ ಕೈಲಿ ಆಗೋ ಕೆಲ್ಸ ಅಲ್ಲ ಇದು. ಅದಕ್ಕೇ ಕಲುಷಿತ ಜಾಗಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿದೆ, ಖರ್ಚು ಕೆಡಿಸಿದವರ ಮೇಲೆ. ಅಕ್ಕಪಕ್ಕದವರ ಸಹಿ ಹಾಕ್ಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಡಿಸಿ ಆಫೀಸಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ಅಲ್ಲೀವರೆಗೆ ಆ ಬೋರ್ ನೀರನ್ನ ಕುಡಿಯೋಕೆ, ಅಡುಗೆಗೆ ಬಳಸ್ಬೇಡಿ ಅಂತ ಅಲ್ಲಿರೋರಿಗೆ ದಯವಿಟ್ಟು ಹೇಳಿ. ಕುದಿಸಿದ್ರೆ ಕೀಟನಾಶಕ ಹೋಗುತ್ತೆ ಅಂತ ನಂಬೋ ಹಾಗಿಲ್ಲ. ಕಾವೇರಿ ನೀರಿದ್ರೆ ಅದೇ ಕುಡೀಲಿ, ಟ್ಯಾಂಕರ್ ತರಿಸ್ತಿದ್ರೆ ಯಾವ ಬೋರ್‌ನಿಂದ ತುಂಬಿಸ್ತಾರೆ ಅಂತ ಕೇಳ್ಲಿ.