ನಿಂತರೆ ಹೋಗುವ ಕಾಲುನೋವು

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ವಯಸ್ಸು 62, ಹುಡುಗನಾಗಿದ್ದಾಗಿನಿಂದ ಬೀಡಿ, ಜೊತೆಗೆ ಶುಗರ್. ಡೇರಿಗೆ ಹಾಲು ಹಾಕಲು ಹೋಗುವಾಗ ಅರ್ಧ ದಾರಿಗೆ ಬಲಗಾಲಿನ ಮೀನಖಂಡ ಹಿಂಡಿದಂತಾಗುತ್ತದೆ. ಎರಡು ನಿಮಿಷ ನಿಂತರೆ ಹೋಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಮಂಡಿಯ ಎಕ್ಸ್‌ರೇ ತೆಗೆಸಿದರೆ ಸವೆತ ಎಂದು ಮಾತ್ರೆ ಕೊಟ್ಟರಂತೆ. ಮೆಡಿಕಲ್ ಶಾಪಿನವರು ಬಿಗಿ ಕಾಲುಚೀಲ ಕೊಟ್ಟರು. ರಾತ್ರಿ ಬಿಸಿನೀರಿನ ಶಾಖ ನಡೆಯುತ್ತಿದೆ. ಆಪರೇಷನ್ ಎಂದರೆ ಭಯ. "ನಡೆಯುವುದನ್ನೇ ಬಿಟ್ಟಿದ್ದೇನೆ, ಸರಿ ತಾನೇ?"

ಮಾನ್ಯರೇ,

ನಾನು ವೈದ್ಯನಲ್ಲ, ಪತ್ರ ಓದಿ ರೋಗ ಹೇಳುವುದೂ ಆಗದು. ಆದರೆ ನೀವು ಬರೆದಿರುವ ರೀತಿಯ ನೋವು ಮಂಡಿಗಿಂತ ಹೆಚ್ಚಾಗಿ ರಕ್ತನಾಳದ ಕಡೆಗೆ ಬೆರಳು ತೋರಿಸುತ್ತದೆ. ಮಂಡಿ ಸವೆದಿದ್ದರೆ ಕೂತು ಏಳುವಾಗ, ಮೆಟ್ಟಿಲು ಇಳಿಯುವಾಗ ನೋಯುತ್ತದೆ. ನಿಮ್ಮದು ಹಾಗಲ್ಲ. ಅಷ್ಟೇ ದೂರ, ಅದೇ ಜಾಗ, ನಿಂತರೆ ಮಾಯ. ಸೊಂಟದ ಬಳಿ ಬೆನ್ನುಮೂಳೆಯ ಸಂದಿಯಲ್ಲಿ ನರ ಒತ್ತಿಕೊಂಡವರಿಗೂ ನಡೆದಾಗ ಕಾಲು ಹಿಡಿಯುವುದುಂಟು. ಅಂಥವರಿಗೆ ಸುಮ್ಮನೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು.

ನಾಳದ ತೊಂದರೆಯಾದರೆ, ಕಾಲಿಗೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುತ್ತದೆ. ಕೂತಾಗ ಆ ರಕ್ತವೇ ಸಾಕು. ನಡೆಯುವ ಸ್ನಾಯು ಅದರ ಹಲವು ಪಟ್ಟು ಕೇಳುತ್ತದೆ, ಸಿಗದಿದ್ದಾಗ ನೋಯುತ್ತದೆ. ಏರು ಹತ್ತುವಾಗ ನೋವು ಬೇಗ ಬರುವುದೂ ಇದಕ್ಕೇ.

ನನಗೆ ಬೇಸರವಾದದ್ದು ಒಂದು ವಿಷಯಕ್ಕೆ. ಎಕ್ಸ್‌ರೇ ಆಯಿತು, ಮಾತ್ರೆ ಆಯಿತು, ಕಾಲುಚೀಲವೂ ಆಯಿತು. ಯಾರಾದರೂ ನಿಮ್ಮ ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ಮುಟ್ಟಿ ನೋಡಿದರೇ? ಪಾದದ ಮೇಲ್ಭಾಗದಲ್ಲಿ ಒಂದು, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ಒಂದು. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ. ನಾಡಿ ಕ್ಷೀಣವಾಗಿದ್ದರೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವ ಪರೀಕ್ಷೆಯಿದೆ. ಎಬಿಐ ಎಂದು ಕೇಳಿ. ಉತ್ತರ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದು ಲೆಕ್ಕ. ಶುಗರ್ ಇರುವವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗಿ, ಸಂಖ್ಯೆ 1.4 ದಾಟಿ ಸುಳ್ಳು ಹೇಳುವುದುಂಟು. ಆಗ ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ಅಳೆಯುತ್ತಾರೆ, ನಾಳದಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ.

ಈ ಪರೀಕ್ಷೆ ಆಗುವ ತನಕ ಆ ಬಿಗಿ ಕಾಲುಚೀಲ ತೆಗೆದಿಡಿ. ಅದು ಉಬ್ಬಿದ ನಾಳದವರಿಗೆ, ಅಂದರೆ ರಕ್ತ ಮೇಲೆ ಹೋಗಲಾರದವರಿಗೆ. ರಕ್ತ ಕೆಳಗೇ ಇಳಿಯದ ಕಾಲನ್ನು ಹಿಂಡಿದರೆ ಚರ್ಮ ಸತ್ತೀತು. ಬಿಸಿನೀರಿನ ಶಾಖವನ್ನೂ ನಿಲ್ಲಿಸಿ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಆದ ಗಾಯ ಮಾಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಸರಿಯಲ್ಲ. ವೈದ್ಯರು ನೋಡಿ ನಾಳದ ತೊಂದರೆಯೇ ಎಂದರೆ ನಡಿಗೆಯೇ ಮೊದಲ ಮದ್ದು. ನೋವು ಜೋರಾಗುವವರೆಗೆ ನಡೆಯಿರಿ, ನಿಲ್ಲಿ, ಪೂರ್ತಿ ಹೋದ ಮೇಲೆ ಮತ್ತೆ ನಡೆಯಿರಿ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ನೋವಿಲ್ಲದೆ ನಡೆಯುವ ದೂರ ಬಹಳ ಜನರಿಗೆ ಹೆಚ್ಚುತ್ತದೆ. ಎದೆನೋವು ಇದ್ದರೆ ಅಥವಾ ಪಾದದಲ್ಲಿ ಹುಣ್ಣಿದ್ದರೆ ಮಾತ್ರ ಕೇಳದೆ ಶುರು ಮಾಡಬೇಡಿ.

ಬೀಡಿ ಬಿಡದೆ ಇದ್ಯಾವುದೂ ದಕ್ಕುವುದಿಲ್ಲ. ಕಡಿಮೆ ಮಾಡುತ್ತೇನೆ ಎನ್ನಬೇಡಿ. ಮೂವತ್ತು ನಲವತ್ತರ ಪ್ರಾಯದಲ್ಲೇ ಬೀಡಿ ಸಿಗರೇಟಿನಿಂದ ಕೈಕಾಲಿನ ಸಣ್ಣ ನಾಳಗಳು ಉರಿಯೂತವಾಗಿ ಮುಚ್ಚಿಕೊಳ್ಳುವ ಬರ್ಜರ್ ಕಾಯಿಲೆ ಎಂಬುದೇ ಒಂದಿದೆ. ಅಲ್ಲಿ ಹೊಗೆ ಪೂರ್ತಿ ನಿಂತರಷ್ಟೇ ಬೆರಳು ಉಳಿಯುತ್ತದೆ.

ಕಾಲಿನ ನಾಳ ಕಟ್ಟಿದವರಿಗೆ ಹೃದಯ, ಮಿದುಳಿನ ನಾಳಗಳಲ್ಲೂ ತೊಂದರೆ ಇರುವ ಸಂಭವ ಹೆಚ್ಚು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬರೆಯುವುದು ಮುಖ್ಯವಾಗಿ ಅದಕ್ಕೆ. ನೋವಿಲ್ಲ ಎಂದು ಅವನ್ನು ಬಿಡಬೇಡಿ. ನಡಿಗೆ ದೂರ ಹೆಚ್ಚಿಸಲು ಸಿಲೋಸ್ಟಜಾಲ್ ಎಂಬ ಮಾತ್ರೆಯೂ ಇದೆ, ಹಾರ್ಟ್ ಫೇಲ್ಯೂರ್ ಇರುವವರು ಅದನ್ನು ಮುಟ್ಟುವಂತಿಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ತಂದುಕೊಳ್ಳುವ ಮದ್ದಲ್ಲ.

ಆಪರೇಷನ್ ಭಯ ನಿಮ್ಮ ಪತ್ರದುದ್ದಕ್ಕೂ ಇದೆ. ಈ ಹಂತದಲ್ಲಿ ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಬೇಕಾದರೂ ಎಲ್ಲರಿಗೂ ಕಾಲು ಕೊಯ್ದು ಬೈಪಾಸ್ ಮಾಡುವುದಿಲ್ಲ, ಸಣ್ಣ ತೂತಿನ ಮೂಲಕ ಬಲೂನ್ ತೂರಿಸಿ ನಾಳ ಅಗಲಿಸುವ ಆಂಜಿಯೋಪ್ಲಾಸ್ಟಿಯೂ ಇದೆ. ಆಂಜಿಯೋಪ್ಲಾಸ್ಟಿ ಎಂದರೆ ನಮಗೆಲ್ಲ ಹೃದಯವೇ ನೆನಪಾಗುತ್ತದೆ, ಆದರೆ ಅದು ಹುಟ್ಟಿದ್ದು ಕಾಲಿನಲ್ಲಿ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ಕತ್ತರಿಸಲು ಬಿಲ್‌ಕುಲ್ ಒಪ್ಪದ 82ರ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಕೊಳವೆ ತೂರಿಸಿ ಬಿಡಿಸಿದರು. ಅಜ್ಜಿಯ ಕಾಲು ಉಳಿಯಿತು. ಹೃದಯದ ನಾಳಕ್ಕೆ ಬಲೂನ್ ಹೋದದ್ದು ಆಮೇಲೆ, 1977ರಲ್ಲಿ.

ರಾತ್ರಿ ಮಲಗಿದಾಗಲೂ ಪಾದ ನೋಯತೊಡಗಿದರೆ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸಿದರೆ, ಬೆರಳು ಕಪ್ಪಾದರೆ ಅಥವಾ ಹುಣ್ಣು ಒಣಗದಿದ್ದರೆ ಆ ವಾರವೇ ರಕ್ತನಾಳದ ಸರ್ಜನ್ ಹತ್ತಿರ ಹೋಗಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಸ್ಪರ್ಶ ತಪ್ಪಿದರೆ ಬೆಳಗಾಗುವುದನ್ನೂ ಕಾಯಬೇಡಿ. ಆಗ ಕೈಯಲ್ಲಿರುವುದು ಸುಮಾರು ಆರು ಗಂಟೆ ಮಾತ್ರ, ಹಾಸನವೋ ಬೆಂಗಳೂರೋ ಎಂದು ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರುವಷ್ಟು ಅದು ದೊಡ್ಡದಲ್ಲ.

— ಸಂ.