ಓದುಗರ ಪ್ರಶ್ನೆ, ವಕೀಲರ ಉತ್ತರ: ನಮ್ಮೂರಿಗೂ ಒಂದು ಮಾನವ ಹಕ್ಕುಗಳ ಆಯೋಗ ಮಾಡಬಹುದೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಆ ಊರಿಗೆ ತನ್ನದೇ ಒಂದು ಮಾನವ ಹಕ್ಕುಗಳ ಆಯೋಗ ಇದೆಯಂತೆ, ಸಂಬಳವಿಲ್ಲದೆ ಊರಿನವರೇ ಅದರಲ್ಲಿ ದುಡಿಯುತ್ತಾರಂತೆ. ಮುಂಜಾನೆ ವಾಕಿಂಗ್‌ಗೆ ಸೇರುವ ನಾವು ಏಳೆಂಟು ಮಂದಿ ನಿವೃತ್ತರು ಕಲಬುರಗಿಯಲ್ಲಿ ಅಂಥದ್ದೇ ಶುರು ಮಾಡಬೇಕೆಂದಿದ್ದೇವೆ. ಕಾನೂನು ಒಪ್ಪುತ್ತದೆಯೇ? ಮಾಡಿದರೆ ನಮ್ಮ ಕೆಲಸ ಏನು?
— ಸೇಡಂ ರಸ್ತೆಯ ಓದುಗರು, ಕಲಬುರಗಿ

ಉತ್ತರ: ಗುರುಗಳೇ, ಸಂಘ ಕಟ್ಟಲು ಅವಕಾಶ ಇದೆ, ಆಯೋಗ ಕಟ್ಟಲು ಇಲ್ಲ.

ಮಗಳು ಹೇಳಿದ್ದು ಖರೆ. ಸಿಯಾಟಲ್ ಆಯೋಗ ಹುಟ್ಟಿದ್ದು 1963ರಲ್ಲಿ. ಅದನ್ನು ಮಾಡಿದ್ದು ಅಲ್ಲಿನ ಸಿಟಿ ಕೌನ್ಸಿಲ್, ಅಂದರೆ ನಮ್ಮ ಲೆಕ್ಕದಲ್ಲಿ ಮಹಾನಗರ ಪಾಲಿಕೆ. ಕರಿಯರಿಗೆ ಬಿಳಿಯರ ಓಣಿಗಳಲ್ಲಿ ಮನೆ ಕೊಡುತ್ತಿರಲಿಲ್ಲ. ಅದನ್ನು ತಡೆಯುವ ಕಾನೂನಿನ ಕರಡು ಬರೆಯುವುದೇ ಆಯೋಗಕ್ಕೆ ಬಂದ ಮೊದಲ ದೊಡ್ಡ ಕೆಲಸ. ಕರಡನ್ನು 1964ರಲ್ಲಿ ಊರಿನವರ ಮತಕ್ಕೆ ಹಾಕಿದಾಗ ಎರಡಕ್ಕೆ ಒಂದಕ್ಕಿಂತ ಹೆಚ್ಚಿನ ಅಂತರದಲ್ಲಿ ಬಿದ್ದುಹೋಯಿತು. ಕೊನೆಗೆ ಕೌನ್ಸಿಲ್ ಅದನ್ನು ಪಾಸು ಮಾಡಿದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ತಿಂಗಳೇ. ಅದೇ ಸಿಯಾಟಲ್ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ನಾವು ಇಲ್ಲಿಂದ ಕಟ್ಟಿಕೊಂಡು ಹೋದ ಗಂಟನ್ನು ಅವರು ಅಲ್ಲಿ ಬಿಚ್ಚಿ ನೋಡಿದ್ದಾರೆ, ಇರಲಿ.

ಅಲ್ಲಿ ತಾರತಮ್ಯದ ದೂರನ್ನು ತನಿಖೆ ಮಾಡುವುದು ನಗರದ ಸಂಬಳದ ಕಚೇರಿ. ಸ್ವಯಂಸೇವಕರ ಆಯೋಗ ಮೇಯರ್‌ಗೆ, ಕೌನ್ಸಿಲ್‌ಗೆ ಸಲಹೆ ಕೊಡುತ್ತದೆ. ದೂರಿಗೆ ಆಧಾರವಿಲ್ಲ ಎಂದು ಕಚೇರಿ ಕೈಬಿಟ್ಟರೆ ಮೇಲ್ಮನವಿ ಆಯೋಗದ ಮುಂದೆ ಹೋಗುತ್ತದೆ. ಅಷ್ಟೂ ಅಧಿಕಾರ ನಗರದ ಕಾನೂನಿನಿಂದಲೇ ಬಂದದ್ದು.

ನಮ್ಮಲ್ಲಿ ಆಯೋಗ ಹುಟ್ಟುವುದು ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993ರ ಅಡಿಯಲ್ಲಿ. ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ, ಬೆಂಗಳೂರಿನಲ್ಲಿ ರಾಜ್ಯ ಆಯೋಗ. ಜಿಲ್ಲಾ ಆಯೋಗ, ನಗರ ಆಯೋಗ ಎಂಬುದು ಆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಜಿಲ್ಲೆಗೊಂದು ಸೆಷನ್ಸ್ ಕೋರ್ಟನ್ನು ಮಾನವ ಹಕ್ಕುಗಳ ನ್ಯಾಯಾಲಯ ಎಂದು ಗೊತ್ತುಪಡಿಸಲು 30ನೇ ಕಲಂ ಅವಕಾಶ ಕೊಟ್ಟಿದೆ, ಅಷ್ಟೇ.

ಹಾಗಾಗಿ ನೀವು ಏಳು ಮಂದಿ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಲ್ಲಿ ಸಂಘ ನೋಂದಾಯಿಸಿ. ಹೆಸರಿನಲ್ಲಿ ‘ಆಯೋಗ’ ಬೇಡ. ‘ನಾಗರಿಕ ವೇದಿಕೆ’ ಎಂದರೂ ಕೆಲಸ ನಡೆಯುತ್ತದೆ. ಆಯೋಗ ಎಂದು ಬೋರ್ಡು ಹಾಕಿದ ದಿನವೇ ಮಂದಿ ನಿಮ್ಮನ್ನು ಸರ್ಕಾರ ಎಂದುಕೊಳ್ಳುತ್ತಾರೆ, ಸ್ವಲ್ಪ ದಿನಕ್ಕೆ ನೀವೂ ಹಾಗೇ ಅಂದುಕೊಳ್ಳುತ್ತೀರಿ.

ಇನ್ನು ಕೆಲಸ. ಹೊಸದೇನನ್ನೂ ಹುಟ್ಟಿಸುವ ಮೊದಲು, ಕಾನೂನು ಈಗಾಗಲೇ ಊರಿನವರಿಗೆ ಇಟ್ಟಿರುವ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ ನೋಡಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ನಿಯಮಗಳು, 1995ರ 17ನೇ ನಿಯಮದಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಅದರಲ್ಲಿ ಅಧಿಕಾರಿಗಳಲ್ಲದ ಸದಸ್ಯರೂ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಎಷ್ಟು ಕೇಸಿನಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಹೋಯಿತು, ಎಷ್ಟು ಕುಟುಂಬಕ್ಕೆ ಪರಿಹಾರ ಕೈಸೇರಿತು ಎಂದು ಕೇಳುವ ಜಾಗ ಅದು. ಜೀತ ಪದ್ಧತಿ ರದ್ದು ಕಾಯ್ದೆ, 1976 ಮತ್ತು ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ, 2013ರಲ್ಲೂ ಇಂಥ ಜಾಗೃತಿ ಸಮಿತಿಗಳಿವೆ. ಮ್ಯಾನ್‌ಹೋಲ್‌ನಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆ ದುಡ್ಡು ಬಂತೇ ಎಂದು ಬೆನ್ನು ಹತ್ತುವವರು ಬೇಕು.

ನಿಮ್ಮ ಮೊದಲ ಅರ್ಜಿ ಇದೇ ಆಗಲಿ: ಕಳೆದ ಎರಡು ವರ್ಷದ ಜಿಲ್ಲಾ ಜಾಗೃತಿ ಸಮಿತಿಯ ಸಭಾ ನಡಾವಳಿ ಮತ್ತು ಸದಸ್ಯರ ಪಟ್ಟಿ. ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮಾಸ್ತರರಿಗೆ ಇದು ಕಷ್ಟದ್ದೇ, ಆದರೂ ಪ್ರಸ್ತಾವನೆ ಬಿಟ್ಟು ನೇರ ಪ್ರಶ್ನೆಗೆ ಬನ್ನಿ. ನಡಾವಳಿ ಕೈಗೆ ಬಂದರೆ ಯಾವ ಸಭೆ ನಡೆದಿದೆ, ಯಾವುದು ಕಾಗದದ ಮೇಲಷ್ಟೇ ನಡೆದಿದೆ ಎಂಬುದು ಓದಿದ ಕೂಡಲೇ ಗೊತ್ತಾಗುತ್ತದೆ.

ನಿಮ್ಮಲ್ಲಿ ಓಡಾಡುವ ಶಕ್ತಿ ಇದ್ದವರು ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಲು ಅರ್ಜಿ ಹಾಕಬಹುದು. ತರಬೇತಿ ಅವರೇ ಕೊಡುತ್ತಾರೆ. ಜೈಲಿನಲ್ಲಿರುವವರ, ಠಾಣೆಗೆ ಹೋಗಲು ಹೆದರುವವರ ಅರ್ಜಿ ಬರೆದುಕೊಡುವ ಕೆಲಸ. ಅಧ್ಯಕ್ಷ, ಉಪಾಧ್ಯಕ್ಷ ಎಂಬ ಪದವಿ ಇರುವುದಿಲ್ಲ, ಅದಕ್ಕೇ ಬಹಳ ಮಂದಿ ಬರುವುದಿಲ್ಲ.

ಪ್ರಶ್ನೆ: ಮಾನವ ಹಕ್ಕುಗಳ ಆಯೋಗ ಎಂಬ ಹೆಸರಿನ ಸಂಸ್ಥೆಯೊಂದರವರು ನನ್ನನ್ನು ತಾಲೂಕು ಅಧ್ಯಕ್ಷನನ್ನಾಗಿ ಮಾಡುತ್ತೇವೆ ಎನ್ನುತ್ತಿದ್ದಾರೆ. ಐದು ಸಾವಿರ ಕಟ್ಟಿದರೆ ಐಡಿ ಕಾರ್ಡು, ಲೆಟರ್‌ಹೆಡ್, ಗಾಡಿಗೆ ಸ್ಟಿಕ್ಕರ್ ಕೊಡುತ್ತಾರಂತೆ. ಟೋಲ್ ಕೊಡಬೇಕಿಲ್ಲ, ಪೊಲೀಸರು ಗಾಡಿ ಹಿಡಿಯುವುದಿಲ್ಲ ಎಂದಿದ್ದಾರೆ. ಸೇರಲೇ?
— ಓದುಗರು, ಚಿತ್ತಾಪುರ

ಉತ್ತರ: ಬೇಡ ತಮ್ಮಾ. ಅಂಥ ಕಾರ್ಡುಗಳನ್ನು ನಾನು ನೋಡಿದ್ದೇನೆ. ಮೇಲೆ ನಾಲ್ಕು ಸಿಂಹದ ಲಾಂಛನ, ಕೆಳಗೆ ‘ಸಂಬಂಧಪಟ್ಟ ಅಧಿಕಾರಿಗಳು ಇವರಿಗೆ ಸಹಕರಿಸತಕ್ಕದ್ದು’ ಎಂಬ ಸಾಲು, ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ‘ರಿ.’ ಎಂಬ ಅಕ್ಷರ. ಆ ಕಾರ್ಡಿನಲ್ಲಿ ನಿಜ ಹೇಳುವ ಅಕ್ಷರ ಅದೊಂದೇ: ಇದು ಯಾರೋ ನೋಂದಾಯಿಸಿದ ಖಾಸಗಿ ಸಂಘ.

ರಾಜ್ಯ ಆಯೋಗಕ್ಕೆ ತಾಲೂಕು ಅಧ್ಯಕ್ಷರಿಲ್ಲ. ಅದರ ಅಧ್ಯಕ್ಷರಾಗಲು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೋ ನ್ಯಾಯಮೂರ್ತಿಯೋ ಆಗಿದ್ದವರೇ ಬೇಕು. ರಾಷ್ಟ್ರಲಾಂಛನವನ್ನು ಅನುಮತಿಯಿಲ್ಲದೆ ಬಳಸಿದರೆ 2005ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಕಾರ್ಡು ತೋರಿಸಿ ಸರ್ಕಾರಿ ನೌಕರನಂತೆ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ. ಸಿಕ್ಕಿಬೀಳುವಾಗ ಕಾರ್ಡು ಕೊಟ್ಟವರಲ್ಲ, ಹಿಡಿದವರು ಸಿಕ್ಕಿಬೀಳುತ್ತಾರೆ. ಟೋಲ್ ವಿನಾಯಿತಿಯ ಮಾತು ಶುದ್ಧ ಸುಳ್ಳು. ಒಳ್ಳೆಯ ಕೆಲಸ ಮಾಡುವ ಸಂಘಗಳೂ ಇವೆ, ಅಂಥವರು ಸ್ಟಿಕ್ಕರ್ ಮಾರುವುದಿಲ್ಲ.

ಪ್ರಶ್ನೆ: ಸರ್, ಹೋದ ವರ್ಷ ನಮ್ಮ ಮನಿಯವರನ್ನ ಕಳವಿನ ಕೇಸ್ ಅಂತ ಪೊಲೀಸ್ರು ರಾತ್ರಿ ಕರ್ಕೊಂಡು ಹೋಗಿ ಎರಡು ದಿನ ಠಾಣ್ಯಾಗ ಇಟ್ಕೊಂಡಿದ್ರು. ಹೊಡದು, ಕೇಸ್ ಏನೂ ಹಾಕದೆ ಬಿಟ್ರು. ಕಾಲು ಇನ್ನೂ ನೆಟ್ಟಗಾಗಿಲ್ಲ. ಹತ್ತು ತಿಂಗಳಾಯ್ತು. ಈಗ ಒಬ್ರು ಬಂದು ಹದಿನೈದು ಸಾವಿರ ಕೊಟ್ರ ಬೆಂಗಳೂರಾಗ ಆಯೋಗಕ್ಕ ಹಾಕ್ತೀವಿ ಅಂತಾರ. ಕೊಡಬೇಕೇನ್ರಿ?
— ಹೆಸರು ಬೇಡ ಎಂದಿರುವ ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ ತಂಗಿ. ಆಯೋಗಕ್ಕೆ ದೂರು ಕೊಡಲು ಫೀಸಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲಿ ಬಿಳಿ ಹಾಳೆಯ ಮೇಲೆ ಬರೆದರೆ ಸಾಕು. ಆದರೆ ತಡ ಮಾಡಬೇಡಿ. ಘಟನೆ ನಡೆದು ಒಂದು ವರ್ಷ ಕಳೆದರೆ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಂ ಪ್ರಕಾರ ಆಯೋಗ ವಿಚಾರಣೆ ಮಾಡುವಂತಿಲ್ಲ. ನಿಮಗೆ ಉಳಿದಿರುವುದು ಎರಡು ತಿಂಗಳು. ಇದೇ ವಾರ ಕಳಿಸಿ.

ಬರೆಯುವುದು ಹೇಗೆ? ಕಚೇರಿಗಳ ಮುಂದೆ ಟೈಪ್ ಮಾಡಿಕೊಡುವವರ ಹತ್ತಿರ ಹೋದರೆ ‘ನಾವು ಕಡುಬಡವರಿದ್ದು, ನಮಗೆ ಘೋರ ಅನ್ಯಾಯವಾಗಿದ್ದು, ತಾವು ದಯಮಾಡಿ’ ಎಂದು ಅರ್ಧ ಪುಟ ಹೋಗುತ್ತದೆ, ತಾರೀಖು ಮಾತ್ರ ಇರುವುದಿಲ್ಲ. ನೀವು ಮೊದಲ ಸಾಲಿನಲ್ಲೇ ಹೀಗೆ ಬರೆಯಿರಿ: ‘ಇಂಥ ದಿನಾಂಕ ರಾತ್ರಿ ಇಷ್ಟು ಗಂಟೆಗೆ ಇಂಥ ಠಾಣೆಯ ಇಬ್ಬರು ಸಿಬ್ಬಂದಿ ನಮ್ಮ ಮನೆಗೆ ಬಂದು, ಯಾವ ನೋಟಿಸೂ ಕೊಡದೆ ನನ್ನ ಗಂಡನನ್ನು ಕರೆದೊಯ್ದರು. ಇಂಥ ದಿನ ಇಷ್ಟು ಗಂಟೆಗೆ ಬಿಟ್ಟರು.’ ಆ ಎರಡು ಸಮಯದ ನಡುವೆ 24 ಗಂಟೆಗಿಂತ ಹೆಚ್ಚು ಅಂತರ ಇದ್ದು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿಲ್ಲ ಎಂದರೆ ಕಾನೂನು ಮುರಿದಿದೆ ಎಂಬುದು ಅಷ್ಟರಲ್ಲೇ ಬಂತು. ಸಿಬ್ಬಂದಿಯ ಹೆಸರು ಗೊತ್ತಿಲ್ಲದಿದ್ದರೆ ಚಹರೆ ಬರೆಯಿರಿ. ಕರೆದೊಯ್ಯುವಾಗ ನೋಡಿದ ಓಣಿಯವರ ಹೆಸರು, ಠಾಣೆಗೆ ಬುತ್ತಿ ತೆಗೆದುಕೊಂಡು ಹೋದವರು ಯಾರು, ಅದೂ ಇರಲಿ.

ಕಾಲಿಗೆ ತೋರಿಸಿದ ಆಸ್ಪತ್ರೆಯ ಒಪಿಡಿ ಚೀಟಿ, ಎಕ್ಸ್‌ರೇ, ಔಷಧಿ ಅಂಗಡಿಯ ಬಿಲ್ಲು ಹುಡುಕಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ, ಜೆರಾಕ್ಸ್ ಕಳಿಸಿ. ಇನ್ನೊಂದು ಮುಖ್ಯ ಮಾತು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ‘ಆ ಎರಡು ದಿನದ ಸಿಸಿಟಿವಿ ದೃಶ್ಯ ತರಿಸಿಕೊಳ್ಳಬೇಕು’ ಎಂದು ಆಯೋಗವನ್ನು ಸ್ಪಷ್ಟವಾಗಿ ಕೇಳಿ. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರಬಹುದು. ಬರಲಿ, ಅದೂ ಲಿಖಿತದಲ್ಲಿ ಬರಲಿ.

ಒಂದೇ ಅರ್ಜಿಗೆ ರಾಷ್ಟ್ರಪತಿಗಳಿಂದ ಹಿಡಿದು ತಹಶೀಲ್ದಾರರವರೆಗೆ ಪ್ರತಿ ಹಾಕುವುದು ನಮ್ಮ ಕಡೆಯ ಚಟ. ಆಯೋಗದ ವಿಷಯದಲ್ಲಿ ಹಾಗೆ ಮಾಡಬೇಡಿ: ಇನ್ನೊಂದು ಆಯೋಗದ ಮುಂದಿರುವ ಪ್ರಕರಣವನ್ನು ರಾಜ್ಯ ಆಯೋಗ ಎತ್ತಿಕೊಳ್ಳುವಂತಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮಾತ್ರ ಕಳಿಸಿ, ರಸೀದಿ ಜೋಪಾನ.

ಮುಂದೆ ದೂರಿಗೆ ಒಂದು ನಂಬರ್ ಬರುತ್ತದೆ, ಆಯೋಗ ಪೊಲೀಸ್ ಅಧಿಕಾರಿಗಳಿಂದ ವರದಿ ಕೇಳುತ್ತದೆ. ‘ವಿಚಾರಣೆಗೆ ಕರೆದು ಅದೇ ದಿನ ಕಳಿಸಿದ್ದೇವೆ’ ಎಂದು ವರದಿ ಬಂದರೆ ಆಶ್ಚರ್ಯಪಡಬೇಡಿ. ಅದರ ಪ್ರತಿಯನ್ನು ನಿಮಗೆ ಕಳಿಸಿ ಏನು ಹೇಳುತ್ತೀರಿ ಎಂದು ಕೇಳಿದಾಗ ಸುಮ್ಮನಿದ್ದರೆ ಫೈಲು ಮುಚ್ಚುತ್ತದೆ. ಎಷ್ಟೋ ದೂರುಗಳು ಸಾಯುವುದು ಇಲ್ಲೇ: ಕಾಗದ ಬಂದಾಗ ಮನೆಯವರು ದುಡಿಯಲು ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಸದಾ ಊರಲ್ಲಿರುವ ನೆಂಟರೊಬ್ಬರ ವಿಳಾಸ ಕೊಡಿ. ಉತ್ತರ ಬರೆಯಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ಆದೀತು.

ಆಯೋಗ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಪರಿಹಾರ ಕೊಡಿ, ಕ್ರಮ ಕೈಗೊಳ್ಳಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಅಂಥ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆ. ಆಯೋಗದಲ್ಲಿ ಏನೂ ಆಗದಿದ್ದರೆ ರಿಟ್, ಅಂದರೆ ಹೈಕೋರ್ಟಿಗೆ ನೇರ ಅರ್ಜಿ, ಹಾಕಲು ಬೆಂಗಳೂರಿಗೆ ಹೋಗಬೇಕಿಲ್ಲ, 2013ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಕಾಯಂ ಪೀಠ ಇದೆ.

ಪ್ರಶ್ನೆ: ನಾನು ಮುಸ್ಲಿಂ, ನನ್ನ ಜೊತೆ ಕೆಲಸ ಮಾಡುವ ಗೆಳೆಯ ದಲಿತ. ಬೀದರ್‌ನಲ್ಲಿ ಬಾಡಿಗೆ ಮನೆ ಹುಡುಕಿದಾಗ ‘ನಿಮ್ದು ಯಾವ ಮಂದಿ?’ ಎಂದು ಕೇಳಿ ಇಬ್ಬರಿಗೂ ಇಲ್ಲ ಎಂದರು. ಆಯೋಗಕ್ಕೆ ಹೋಗಬಹುದೇ?
— ಓದುಗರು, ಬೀದರ್

ಉತ್ತರ: ಆಯೋಗ ನೋಡುವುದು ಮುಖ್ಯವಾಗಿ ಸರ್ಕಾರಿ ನೌಕರರ ತಪ್ಪನ್ನು ಅಥವಾ ಅಲಕ್ಷ್ಯವನ್ನು. ಮನೆ ಮಾಲೀಕರು ಅದರ ಕೈಗೆ ಸಿಗುವುದಿಲ್ಲ.

ನಿಮ್ಮ ಗೆಳೆಯರಿಗೆ ಬೇರೆ ದಾರಿ ಇದೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955ರ 4ನೇ ಕಲಂನಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆಗೆ ಅಡ್ಡಿ ಮಾಡುವುದು ಅಪರಾಧ, ಒಂದರಿಂದ ಆರು ತಿಂಗಳ ಸಜೆ. ಪರಿಶಿಷ್ಟ ಜಾತಿಯವರ ವಿರುದ್ಧ ಹಾಗೆ ನಡೆದರೆ ಅಸ್ಪೃಶ್ಯತೆಯೇ ಕಾರಣವೆಂದು ಕೋರ್ಟು ಭಾವಿಸಿಕೊಳ್ಳಬೇಕು, ಅಲ್ಲವೆಂದು ಸಾಬೀತು ಮಾಡುವ ಭಾರ ಎದುರಿನವರದು. ನಾಲ್ಕು ಜನರ ಮುಂದೆ ಜಾತಿ ಹಿಡಿದು ಅವಮಾನಿಸಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ. ಪೊಲೀಸರು ದೂರು ತೆಗೆದುಕೊಳ್ಳಲು ನಿರಾಕರಿಸಿದರೆ, ಆಗ ಅದು ಆಯೋಗದ ವಿಷಯವಾಗುತ್ತದೆ.

ನಿಮಗೆ ಹೇಳಲು ಬೇಸರವಾಗುತ್ತದೆ. ಧರ್ಮದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವುದನ್ನು ಅಪರಾಧ ಎನ್ನುವ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹೇಳುತ್ತದೆ, ಬಾಡಿಗೆ ಮನೆಯ ಹೆಸರು ಹೇಳುವುದಿಲ್ಲ. ಮೇಲೆ ಪ್ರಶ್ನೆ ಕೇಳಿದ ಗುರುಗಳ ಮಗಳ ಊರಿನಲ್ಲಿ ಸ್ವಯಂಸೇವಕರು ಕರಡು ಬರೆದದ್ದು ಇಂಥದ್ದೇ ಕೊರತೆ ತುಂಬಲು. ಬೀದರ್‌ನಲ್ಲಿ ಯಾರಾದರೂ ನಾಗರಿಕ ವೇದಿಕೆ ಕಟ್ಟಿದ್ದರೆ ಮನೆ ಸಿಗದವರ ಹೇಳಿಕೆಗಳನ್ನು ತಾರೀಖು ಸಮೇತ ಬರೆಸಿಟ್ಟುಕೊಳ್ಳಲಿ. ಶಾಸಕರ ಮುಂದೆ ಕಾನೂನು ಬೇಕೆಂದು ಹೋದಾಗ ‘ನಮ್ಮೂರಲ್ಲಿ ಹಂಗೆಲ್ಲ ಇಲ್ಲ’ ಎಂಬ ಮಾತು ಮೊದಲು ಬರುತ್ತದೆ, ಆಗ ಈ ಹೇಳಿಕೆಗಳು ಬೇಕಾಗುತ್ತವೆ.

ಪ್ರಶ್ನೆ: ಪಕ್ಕದ ಹೊಲದವರು ನಮ್ಮ ಬದು ಒತ್ತಿದ್ದಾರೆ. ಇದು ಮಾನವ ಹಕ್ಕು ಉಲ್ಲಂಘನೆ ಅಲ್ಲವೇ?
— ಓದುಗರು, ಆಳಂದ

ಉತ್ತರ: ಅಲ್ಲ. ಸಿವಿಲ್ ವ್ಯಾಜ್ಯವನ್ನು ಆಯೋಗ ತೆಗೆದುಕೊಳ್ಳುವುದಿಲ್ಲ, ತಿಂಗಳುಗಟ್ಟಲೆ ಕಾದ ಮೇಲೆ ಅರ್ಜಿ ವಾಪಸ್ ಬರುತ್ತದೆ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಅಳೆದು ಗುರುತು ಹಾಕಿದ ಮೇಲೂ ಬದು ಬಿಡದಿದ್ದರೆ ಆಳಂದದ ಸಿವಿಲ್ ಕೋರ್ಟಿಗೆ ಹೋಗಿ.